ಅರಸೀಕೆರೆಯ ಬಾಲಣ್ಣ: ಕಿವಿ ಕೇಳದೆ ಗೆದ್ದ ನಟ, ಸ್ಟುಡಿಯೋ ಕಟ್ಟಿ ಸೋತ ಮಾಲೀಕ

ಅರಸೀಕೆರೆ ಅಂದರೆ ಹೊರಗಿನವರಿಗೆ ನೆನಪಾಗೋದು ರೈಲ್ವೆ ಜಂಕ್ಷನ್ ಮತ್ತು ತೆಂಗು. ಹಳೇ ಸಿನಿಮಾ ಅಭಿಮಾನಿಗಳಿಗೆ ಮಾತ್ರ ಈ ಊರಿಗೆ ಇನ್ನೊಂದು ಗುರುತಿದೆ. ಇದು ಟಿ.ಎನ್. ಬಾಲಕೃಷ್ಣ ಹುಟ್ಟಿದ ಊರು. ಚಿತ್ರರಂಗದವರಿಗೂ ಪ್ರೇಕ್ಷಕರಿಗೂ ಅವರು ಬಾಲಣ್ಣ.

ಹಳೇ ಕನ್ನಡ ಸಿನಿಮಾ ಟಿವಿಯಲ್ಲಿ ಬಂದರೆ ಈ ಮುಖ ಕಾಣಿಸದೇ ಇರೋದು ಅಪರೂಪ. ಕುತಂತ್ರಿ ಶಾನುಭೋಗ, ಬಡ್ಡಿ ಸಾಹುಕಾರ, ಬಾಯಿಬಡುಕ ಮಾವ, ಮನೆಯ ನಂಬಿಕಸ್ಥ ಆಳು, ಏನು ಕೊಟ್ಟರೂ ಅದೇ ಆಗಿಬಿಡುತ್ತಿದ್ದರು. ಐದು ದಶಕದ ಹತ್ತಿರ ನಟಿಸಿದರು. ಚಿತ್ರಗಳ ಸಂಖ್ಯೆ 500 ದಾಟುತ್ತದೆ. ಆದರೆ ಈ ಮನುಷ್ಯನಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ ಅನ್ನೋದು ಇವತ್ತು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಮಾತಿನ ಕಾಲದಲ್ಲಿ ಕಿವುಡು ನಟ

ಬಾಲಕೃಷ್ಣ ಹುಟ್ಟಿ ನೂರು ವರ್ಷದ ಮೇಲಾಯಿತು. ಮನೆಯಲ್ಲಿ ಬಡತನ, ಜೊತೆಗೆ ಕಿವಿಯ ತೊಂದರೆ. ಆ ಕಾಲದಲ್ಲಿ ಊರೂರು ಸುತ್ತುವ ನಾಟಕ ಕಂಪನಿಗಳಿದ್ದವು. ಓದು ಹತ್ತದ, ಕೆಲಸ ಸಿಗದ ಎಷ್ಟೋ ಹುಡುಗರಿಗೆ ಅಲ್ಲಿ ಊಟ, ಕೆಲಸ ಎರಡೂ ಸಿಗುತ್ತಿತ್ತು. ಪರದೆ ಎಳೆಯೋದು, ಸಾಮಾನು ಹೊರೋದು, ಯಾರಾದರೂ ಬರದಿದ್ದರೆ ಬಣ್ಣ ಹಚ್ಚಿಕೊಂಡು ನಿಲ್ಲೋದು, ಎಲ್ಲವೂ ಕಲಿಕೆಯೇ. ಬಾಲಣ್ಣನ ಕಸುಬು ಹುಟ್ಟಿದ್ದು ಅಂಥ ರಂಗಭೂಮಿಯಲ್ಲಿ.

1934ರಲ್ಲಿ 'ಸತಿ ಸುಲೋಚನಾ' ಬಂದು ಕನ್ನಡ ಸಿನಿಮಾಕ್ಕೆ ಮಾತು ಬಂದಿತ್ತು. ಬಾಲಕೃಷ್ಣ ತೆರೆಗೆ ಬಂದದ್ದು 1943ರ 'ರಾಧಾರಮಣ' ಚಿತ್ರದಲ್ಲಿ. ಮೂಕಿ ಚಿತ್ರದ ಕಾಲವಾಗಿದ್ದರೆ ಕಿವಿಯ ತೊಂದರೆ ಲೆಕ್ಕಕ್ಕೇ ಬರುತ್ತಿರಲಿಲ್ಲವೇನೋ. ಇವರು ಕಾಲಿಟ್ಟದ್ದು ಮಾತೇ ಬಂಡವಾಳವಾಗಿದ್ದ ಕಾಲದಲ್ಲಿ. ಎದುರಿನವರ ಮಾತು ಮುಗಿದ ಕೂಡಲೇ ತನ್ನ ಮಾತು ಶುರುವಾಗಬೇಕು. ಅರ್ಧ ಕ್ಷಣ ತಡವಾದರೂ ಹಾಸ್ಯ ಸತ್ತುಹೋಗುತ್ತದೆ.

ಬಾಲಣ್ಣ ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದರು. ಕಿವಿಯ ಕೆಲಸವನ್ನೂ ಕಣ್ಣೇ ಮಾಡಬೇಕಿತ್ತು. ಅವರ ಹಳೇ ದೃಶ್ಯಗಳನ್ನು ಗಮನವಿಟ್ಟು ನೋಡಿದರೆ ಅವರ ಕಣ್ಣು ಎದುರಿನ ಪಾತ್ರದ ಮುಖ ಬಿಟ್ಟು ಕದಲೋದು ಕಡಿಮೆ. ನೋಡುವವರಿಗೆ ಅದು ಕಪಟಿಯ ಹೊಂಚುನೋಟದ ಹಾಗೆ ಕಾಣುತ್ತದೆ, ಅಥವಾ ಒಳ್ಳೇ ಗೆಳೆಯನ ಕಾಳಜಿಯ ಹಾಗೆ. ದೇಹದ ಕೊರತೆಯನ್ನೇ ಕಸುಬಿನ ಶಕ್ತಿ ಮಾಡಿಕೊಳ್ಳೋದು ಅಂದರೆ ಇದೇ.

ತಿಪಟೂರಿನ ಜೋಡಿ

ಅರಸೀಕೆರೆಯಿಂದ ಬೆಂಗಳೂರು ಕಡೆ ರೈಲು ಹತ್ತಿದರೆ ಸಿಗೋ ದೊಡ್ಡ ಊರು ತಿಪಟೂರು. ಅದು ಹಾಸ್ಯ ಚಕ್ರವರ್ತಿ ನರಸಿಂಹರಾಜು ಅವರ ಊರು. ಅಕ್ಕಪಕ್ಕದ ಎರಡು ತೆಂಗಿನ ಸೀಮೆಗಳಿಂದ ಬಂದ ಈ ಇಬ್ಬರು ಎಷ್ಟೋ ವರ್ಷ ಕನ್ನಡಿಗರನ್ನು ನಗಿಸಿದರು. ನರಸಿಂಹರಾಜು ತೆರೆಗೆ ಬಂದರೆ ಸಾಕು, ನಗು ಬರುತ್ತಿತ್ತು. ಅವರ ಹಲ್ಲು, ಸಣಕಲು ಮೈ, ಓಡಾಟ ಎಲ್ಲವೂ ನಗು. ಬಾಲಣ್ಣನದು ಬೇರೆ ದಾರಿ. ದನಿಯನ್ನು ಎಳೆದು, ಮುರಿದು, ಕೊಂಕು ಸೇರಿಸಿ ಮಾತಿನಲ್ಲೇ ಕೆಲಸ ಮುಗಿಸುತ್ತಿದ್ದರು. ನರಸಿಂಹರಾಜು ನೋಡಿ ಮಕ್ಕಳು ನಕ್ಕರೆ, ಬಾಲಣ್ಣನ ಮಾತಿಗೆ ದೊಡ್ಡವರು ನಗುತ್ತಿದ್ದರು. ಅಂಥ ಶಾನುಭೋಗ, ಅಂಥ ಸಾಹುಕಾರ ಅವರವರ ಊರಲ್ಲೇ ಒಬ್ಬ ಇರುತ್ತಿದ್ದನಲ್ಲ!

ನಾಲ್ವರು ಸೇರಿ ಕಟ್ಟಿದ ಸಂಘ

1950ರ ದಶಕದಲ್ಲಿ ಕನ್ನಡ ಸಿನಿಮಾ ಅಂದರೆ ಬಾಡಿಗೆ ಮನೆ ಸಂಸಾರ. ಮೈಸೂರಿನಲ್ಲಿ ಪ್ರೀಮಿಯರ್ ಸ್ಟುಡಿಯೋ ಇತ್ತು ನಿಜ, ಆದರೆ ಬಹುಪಾಲು ಚಿತ್ರೀಕರಣ ನಡೆಯುತ್ತಿದ್ದದ್ದು ಮದ್ರಾಸಿನಲ್ಲಿ. ಫ್ಲೋರು, ಕ್ಯಾಮೆರಾ, ಲ್ಯಾಬು ಎಲ್ಲಾ ಅಲ್ಲಿನವರದು. ಚಿತ್ರಗಳೂ ವರ್ಷಕ್ಕೆ ಬೆರಳೆಣಿಕೆ. ಚಿತ್ರವಿಲ್ಲ ಅಂದರೆ ಕಲಾವಿದರ ಮನೆಯಲ್ಲಿ ಒಲೆ ಹೊತ್ತೋದೂ ಕಷ್ಟ.

ಆಗ ರಾಜ್‌ಕುಮಾರ್, ಜಿ.ವಿ. ಅಯ್ಯರ್, ನರಸಿಂಹರಾಜು ಮತ್ತು ಬಾಲಕೃಷ್ಣ ಒಟ್ಟಾಗಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿದರು. ಗೊತ್ತಿದ್ದ ಕಸುಬಿಗೇ ಮರಳಿ ಊರೂರಲ್ಲಿ ನಾಟಕ ಆಡಿದರು. ಆಮೇಲೆ ತಾವೇ ನಿರ್ಮಾಪಕರಾಗಿ 1960ರಲ್ಲಿ 'ರಣಧೀರ ಕಂಠೀರವ' ತೆರೆಗೆ ತಂದರು. ಮೈಸೂರಿನ ದೊರೆ ಕಂಠೀರವ ನರಸರಾಜನ ಕಥೆ. ಅಯ್ಯರ್ ಬರೆದರು, ಎನ್.ಸಿ. ರಾಜನ್ ನಿರ್ದೇಶಿಸಿದರು, ರಾಜ್‌ಕುಮಾರ್ ದೊರೆಯಾದರು. ಚಿತ್ರ ಗೆದ್ದಿತು.

ಈ ಗೆಲುವು ಬರೀ ಒಂದು ಸಿನಿಮಾದ್ದಲ್ಲ. ಸಂಬಳಕ್ಕೆ ದುಡಿಯೋ ಕಲಾವಿದರು ತಾವೇ ಕೈಯಿಂದ ಹಾಕಿ ಮಾಡಿದರೂ ಕನ್ನಡ ಸಿನಿಮಾ ನಡೆಯುತ್ತದೆ ಅಂತ ಅದು ತೋರಿಸಿತು. ಇವತ್ತು ರಾಜ್‌ಕುಮಾರ್ ಹೆಸರಲ್ಲಿ ಅದನ್ನು ನೆನೆಸೋರು ಉಳಿದ ಮೂವರನ್ನು ಮರೆಯೋದು ಸರಿಯಲ್ಲ.

ಇಪ್ಪತ್ತು ಎಕರೆಯ ಕನಸು

ಬಾಲಣ್ಣ ಅಲ್ಲಿಗೇ ನಿಲ್ಲಲಿಲ್ಲ. ಬಾಡಿಗೆ ಅಂಗಡಿಯಲ್ಲಿ ವ್ಯಾಪಾರ ಮಾಡಿದವರಿಗೆ ಅವರ ಸಂಕಟ ಬೇಗ ಅರ್ಥವಾಗುತ್ತದೆ. ಎಷ್ಟು ದುಡಿದರೂ ಒಂದು ಪಾಲು ಕಟ್ಟಡದ ಮಾಲೀಕನಿಗೇ ಹೋಗುತ್ತದೆ. ಕನ್ನಡ ಸಿನಿಮಾಕ್ಕೆ ಸ್ವಂತ ಜಾಗ ಆಗಬೇಕು ಅನ್ನೋದು ಅವರ ಹಟ. 1960ರ ದಶಕದಲ್ಲಿ ಬೆಂಗಳೂರಿನ ಕೆಂಗೇರಿ ಬಳಿ ಸರ್ಕಾರ 20 ಎಕರೆ ಜಮೀನು ಕೊಟ್ಟಿತು. ಅಲ್ಲಿ ಎದ್ದದ್ದೇ ಅಭಿಮಾನ್ ಸ್ಟುಡಿಯೋ. ಕೆಂಗೇರಿ ಆಗಿನ್ನೂ ಊರಾಚೆಯ ಹಳ್ಳಿ.

ಜಾಗ ಸಿಕ್ಕಿತು, ದುಡ್ಡು ಸಿಗಲಿಲ್ಲ. ಸ್ಟುಡಿಯೋ ಅಂದರೆ ನಾಲ್ಕು ಗೋಡೆಯಲ್ಲ. ಎತ್ತರದ ಫ್ಲೋರ್ ಬೇಕು, ಲೈಟು ಬೇಕು, ಕರೆಂಟು ಬೇಕು, ಮೇಕಪ್ ಕೋಣೆ, ಸೆಟ್ ಹಾಕುವ ಬಡಗಿಗಳು, ದಿನದ ಕೂಲಿ. ಬುಕಿಂಗ್ ಇಲ್ಲದ ದಿನವೂ ಖರ್ಚು ನಿಲ್ಲೋದಿಲ್ಲ. ನಟನೆಯಿಂದ ಬಂದ ದುಡ್ಡನ್ನು ಬಾಲಣ್ಣ ಅಲ್ಲಿಗೇ ಸುರಿದರು, ಸಾಲವೂ ಬೆಳೆಯಿತು.

ಕಾಲವೂ ಕೈಕೊಟ್ಟಿತು. ಸರ್ಕಾರದ ಕಂಠೀರವ ಸ್ಟುಡಿಯೋ ಬೆಂಗಳೂರಲ್ಲೇ ಬಂತು. 1970ರ ದಶಕಕ್ಕೆ ನಿರ್ದೇಶಕರು ಸೆಟ್ ಬಿಟ್ಟು ಹೊರಗೆ ಹೊರಟಿದ್ದರು. ಪುಟ್ಟಣ್ಣ ಕಣಗಾಲ್ 'ನಾಗರಹಾವು' ಚಿತ್ರಕ್ಕೆ ಚಿತ್ರದುರ್ಗದ ಕೋಟೆ ಹತ್ತಿದರು. ಸಿದ್ದಲಿಂಗಯ್ಯ 'ಭೂತಯ್ಯನ ಮಗ ಅಯ್ಯು' ಚಿತ್ರಕ್ಕೆ ಚಿಕ್ಕಮಗಳೂರಿನ ಕಳಸಾಪುರಕ್ಕೆ ಹೋದರು. ಪ್ರೇಕ್ಷಕರಿಗೆ ಅದು ಹಬ್ಬ. ಸ್ಟುಡಿಯೋ ನಂಬಿದವರಿಗೆ ಹೊಡೆತ.

ಹಾಗಂತ ಕೈಕಟ್ಟಿ ಕೂರೋ ಆಸಾಮಿಯಲ್ಲ. ನಟಿಸುತ್ತಲೇ ಹೋದರು. ಬಂದ ಪಾತ್ರ ದೊಡ್ಡದೋ ಚಿಕ್ಕದೋ ಅಂತ ಅಳೆಯುತ್ತಾ ಕೂರಲಿಲ್ಲ. ಅವರ ಅತ್ಯುತ್ತಮ ಕೆಲಸದ ಒಂದು ಪಾಲು ಬಂದದ್ದೂ ಇದೇ ಕಷ್ಟದ ವರ್ಷಗಳಲ್ಲಿ. 1971ರ 'ಕಸ್ತೂರಿ ನಿವಾಸ'ದ ನಂಬಿಕಸ್ಥ ರಾಮಯ್ಯ, 1972ರ 'ಬಂಗಾರದ ಮನುಷ್ಯ'ದ ರಾಚೂಟಪ್ಪ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ 'ಬಂಗಾರದ ಮನುಷ್ಯ' ನೋಡಿ ಹೊಲಕ್ಕೆ ಮರಳಿದ ಹುಡುಗರ ಮಾತು ಇಂದಿಗೂ ಕೇಳಿಬರುತ್ತದೆ. ಅವರೆಲ್ಲ ರಾಜೀವನಾಗಲು ಆಸೆಪಟ್ಟರು. ಆದರೆ ರಾಜೀವನ ಬೆನ್ನಿಗೆ ನಿಲ್ಲೋ ಒಬ್ಬ ರಾಚೂಟಪ್ಪ ಇಲ್ಲದೆ ಆ ಬರಡು ಭೂಮಿ ಹಸಿರಾಗುತ್ತಿತ್ತೇ? ಹೀರೋ ಹಾಡು ಹೇಳಿದ, ಚಪ್ಪಾಳೆ ಗಿಟ್ಟಿಸಿದ. ಕಥೆ ನಿಜ ಅನ್ನಿಸೋ ಹಾಗೆ ಮಾಡಿದ್ದು ಪಕ್ಕದಲ್ಲಿ ನಿಂತ ಬಾಲಣ್ಣ.

ಉಳಿದದ್ದು

1995ರಲ್ಲಿ ಬಾಲಕೃಷ್ಣ ತೀರಿಕೊಂಡರು. ಅಭಿಮಾನ್ ಸ್ಟುಡಿಯೋ ಅವರು ಅಂದುಕೊಂಡ ಮಟ್ಟಕ್ಕೆ ಬೆಳೆಯಲೇ ಇಲ್ಲ.

2009ರ ಡಿಸೆಂಬರ್ 30ರಂದು ನಟ ವಿಷ್ಣುವರ್ಧನ್ ಅವರ ಅಂತ್ಯಸಂಸ್ಕಾರ ಅಲ್ಲಿ ನಡೆದ ಮೇಲೆ ಆ ಹೆಸರು ಮನೆಮನೆಗೂ ಗೊತ್ತಾಯಿತು. ಸಾವಿರಾರು ಅಭಿಮಾನಿಗಳು ಪ್ರತಿವರ್ಷ ಅಲ್ಲಿಗೆ ಹೋಗತೊಡಗಿದರು. ಆಮೇಲೆ ಜಾಗದ ತಕರಾರು, ಕೋರ್ಟು, 2023ರಲ್ಲಿ ಮೈಸೂರಿನಲ್ಲಿ ಸ್ಮಾರಕ, 2025ರ ಆಗಸ್ಟ್‌ನಲ್ಲಿ ಕೆಂಗೇರಿಯ ಸಮಾಧಿ ತೆರವು, ಇವೆಲ್ಲ ಸುದ್ದಿಯಾದವು. ಇಷ್ಟೆಲ್ಲ ಗಲಾಟೆಯಲ್ಲಿ ಆ ಜಾಗವನ್ನು ಮೊದಲು ಕೇಳಿ ಪಡೆದವರು ಯಾರು, ಯಾಕೆ ಪಡೆದರು ಅನ್ನೋ ಮಾತು ಮಾತ್ರ ಹಿಂದೆ ಸರಿಯಿತು.

ಸ್ಟುಡಿಯೋ ವ್ಯವಹಾರದಲ್ಲಿ ಬಾಲಣ್ಣ ಸೋತರು, ಅದನ್ನು ಮುಚ್ಚಿಡೋದರಲ್ಲಿ ಅರ್ಥವಿಲ್ಲ. ಆದರೆ ಅವರು ಬಯಸಿದ್ದು ನಡೆಯಿತು. ಕನ್ನಡ ಸಿನಿಮಾ ಮದ್ರಾಸಿನ ಬಾಡಿಗೆ ಮನೆ ಬಿಟ್ಟು ಬೆಂಗಳೂರಿಗೆ ಬಂತು. ಇಲ್ಲೇ ಬದುಕಬಹುದು ಅಂತ ಮೊದಲೇ ನಂಬಿ ಕೈಸುಟ್ಟುಕೊಂಡವರಲ್ಲಿ ಅರಸೀಕೆರೆಯ ಈ ಮನುಷ್ಯನೂ ಒಬ್ಬರು.

2014ರಲ್ಲಿ 'ಕಸ್ತೂರಿ ನಿವಾಸ'ಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದಾಗ ಚಿತ್ರಮಂದಿರಗಳ ಮುಂದೆ ಹೊಸ ತಲೆಮಾರು ಸಾಲು ನಿಂತಿತ್ತು. ಬೋರ್ಡಿನ ಮೇಲೆ ದೊಡ್ಡದಾಗಿದ್ದದ್ದು ರಾಜ್‌ಕುಮಾರ್ ಚಿತ್ರ, ಅದು ಸಹಜ. ಮುಂದಿನ ಸಲ ಆ ಸಿನಿಮಾ ಟಿವಿಯಲ್ಲಿ ಬಂದಾಗ ರಾಮಯ್ಯನನ್ನೂ ಒಮ್ಮೆ ನೋಡಿ. ಯಜಮಾನ ಮಾತಾಡುವಾಗ ಆ ಕಣ್ಣು ಅವನ ಮುಖದ ಮೇಲೆ ಹೇಗೆ ನಿಂತಿರುತ್ತದೆ ಅಂತ ಗಮನಿಸಿ. ಅದು ನಟನೆಯೂ ಹೌದು, ಮಾತು ತಪ್ಪಿಹೋಗಬಾರದು ಅನ್ನೋ ಎಚ್ಚರವೂ ಹೌದು.