ಪೀಠವನ್ನು ಮರಳಿಸಿದ ಕಾಯಕಜೀವಿ ಶ್ರೀ ಎಸ್. ಆರ್. ಕಂಠಿಯವರು

ಶಿವಶರಣರು ಸಂಸಾರವನ್ನು ಬಿಟ್ಟು ಅಡವಿಯನ್ನು ಸೇರಿರೆಂದು ಬೋಧಿಸಲಿಲ್ಲ. ಕೈಯಲ್ಲಿರುವುದು ತನ್ನದಲ್ಲ, ಒಡೆಯನದು. ತಾನು ಅದನ್ನು ಕಾಯುವವನು ಮಾತ್ರವೆಂದು ತಿಳಿದು ನಡೆಯಬೇಕೆಂದರು. ಈ ಮಾತು ಹಣಕ್ಕೆ ಸಲ್ಲುವಂತೆ ಅಧಿಕಾರಕ್ಕೂ ಸಲ್ಲುತ್ತದೆ. ಮಹಾತ್ಮ ಬಸವಣ್ಣನವರು ಬಿಜ್ಜಳನ ಭಂಡಾರವನ್ನು ಕೈಯಲ್ಲಿಟ್ಟುಕೊಂಡಿದ್ದವರು; ಸಮಯ ಬಂದಾಗ ಆ ಪದವಿಯನ್ನು ತೊರೆದು ಕೂಡಲಸಂಗಮದ ದಾರಿ ಹಿಡಿದವರು. ಹಣದ ಮೋಹವನ್ನು ಗೆದ್ದವರೂ ಪದವಿಯ ಮೋಹಕ್ಕೆ ಸೋತ ದೃಷ್ಟಾಂತಗಳು ಲೋಕದಲ್ಲಿ ಹೇರಳವಾಗಿವೆ. ಆದುದರಿಂದ ಪ್ರಜಾರಾಜ್ಯದ ಈ ಕಾಲದಲ್ಲಿ ರಾಜ್ಯದ ಅತ್ಯುನ್ನತ ಅಧಿಕಾರವನ್ನು ಕೈಗೆ ತೆಗೆದುಕೊಂಡು, ನೂರು ದಿನ ತುಂಬುವುದರೊಳಗೆ ಅದನ್ನು ಶಾಂತಚಿತ್ತದಿಂದ ಮರಳಿಸಿದ ಒಬ್ಬ ಗೃಹಸ್ಥರ ಜೀವನವು ಭಕ್ತರ ಮನನಕ್ಕೆ ಯೋಗ್ಯವಾದುದು. ಅವರೇ ಶ್ರೀ ಶಿವಲಿಂಗಪ್ಪ ರುದ್ರಪ್ಪ ಕಂಠಿಯವರು.

ಕಂಠಿಯವರು 1908ನೆಯ ಇಸವಿ ಡಿಸೆಂಬರ್ 21ರಂದು ಆಗಿನ ಬಿಜಾಪುರ ಜಿಲ್ಲೆಯ ಕೆರೂರಿನಲ್ಲಿ ಜನಿಸಿದರು. ಬಾದಾಮಿಗೆ ಸಮೀಪದ ಈ ಊರು 1997ರಿಂದ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಆಗ ಆ ಸೀಮೆ ಮುಂಬಯಿ ಪ್ರಾಂತಕ್ಕೆ ಒಳಪಟ್ಟಿತ್ತು. ಮಳೆ ಕಡಿಮೆ, ಬರಗಾಲ ಹೆಚ್ಚು. ಜನರ ನುಡಿ ಕನ್ನಡವಾದರೂ ರಾಜ್ಯಕಾರಭಾರವೆಲ್ಲ ದೂರದ ಮುಂಬಯಿಯಲ್ಲಿ. ಇಂತಹ ನೆಲದಿಂದ ಬಂದ ಕಂಠಿಯವರು ನ್ಯಾಯಶಾಸ್ತ್ರವನ್ನು ಅಭ್ಯಾಸಮಾಡಿ ವಕೀಲರಾದರು. ಸ್ವಾತಂತ್ರ್ಯದ ಚಳವಳಿಯ ಕಾಲದಲ್ಲಿ ಕಾಂಗ್ರೆಸ್ಸನ್ನು ಸೇರಿ ಸಾರ್ವಜನಿಕ ಜೀವನಕ್ಕೆ ಕಾಲಿಟ್ಟರು.

ಅವರ ರಾಜಕೀಯ ಜೀವನವೆಲ್ಲ ಹುನಗುಂದ ಕ್ಷೇತ್ರಕ್ಕೆ ಹೆಣೆದುಕೊಂಡುದು. 1952ರಲ್ಲಿ ವಯಸ್ಕ ಮತದಾನದ ಮೊದಲ ಸಾರ್ವತ್ರಿಕ ಚುನಾವಣೆ ನಡೆದಾಗ ಅಲ್ಲಿಂದ ಮುಂಬಯಿ ವಿಧಾನಸಭೆಗೆ ಆರಿಸಿ ಬಂದರು. ತರುವಾಯ 1957, 1962 ಮತ್ತು 1967ರ ಚುನಾವಣೆಗಳಲ್ಲಿ ಮೈಸೂರು ವಿಧಾನಸಭೆಗೆ ಅದೇ ಜನ ಅವರನ್ನು ಕಳುಹಿಸಿದರು. ಹುನಗುಂದವೆಂದರೆ ಶರಣರ ಹೃದಯಕ್ಕೆ ಹತ್ತಿರವಾದ ನೆಲ. ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮವು ಆ ತಾಲ್ಲೂಕಿನಲ್ಲಿಯೇ ಇದೆ. ಬಸವಣ್ಣನವರು ಬಾಲ್ಯದಲ್ಲಿ ವಿದ್ಯೆ ಕಲಿತುದೂ, ಕಡೆಯಲ್ಲಿ ಐಕ್ಯರಾದುದೂ ಆ ಸ್ಥಳದಲ್ಲಿ. ಆ ಸಂಗಮದ ಸುತ್ತಣ ಒಕ್ಕಲಿಗರು, ನೇಕಾರರು, ವ್ಯಾಪಾರಿಗಳು ಮತ ಕೊಟ್ಟು ಕಳುಹಿಸಿದ ಪ್ರತಿನಿಧಿ ಕಂಠಿಯವರಾಗಿದ್ದರು.

ಮುಂಬಯಿ ವಿಧಾನಸಭೆಯಲ್ಲಿ ಅವರಿಗೆ ದೊರೆತ ಸ್ಥಾನ ಉಪಸಭಾಧ್ಯಕ್ಷರದು. 1952ರ ಮೇ ತಿಂಗಳಿನಿಂದ ಸುಮಾರು ನಾಲ್ಕೂವರೆ ವರ್ಷ ಅವರು ಆ ಕಾರ್ಯವನ್ನು ನಿರ್ವಹಿಸಿದರು. ಮರಾಠಿ, ಗುಜರಾತಿ, ಕನ್ನಡ ಭಾಷಿಕರಾದ ಸದಸ್ಯರು ಒಟ್ಟಿಗೆ ಕುಳಿತ ವಿಶಾಲ ಸಭೆಯದು. ಭಾಷಾವಾರು ಪ್ರಾಂತಗಳ ಪ್ರಶ್ನೆ ಕಾವೇರಿದ್ದ ದಿನಗಳಲ್ಲಿ ಅಂತಹ ಸಭೆಯನ್ನು ಪಕ್ಷಪಾತವಿಲ್ಲದೆ ನಡೆಸುವುದು ಸುಲಭದ ಕೆಲಸವಾಗಿರಲಿಲ್ಲ.

1956ರ ನವೆಂಬರ್ 1ರಂದು ಕನ್ನಡಿಗರ ಬಹುಕಾಲದ ಹಂಬಲ ಫಲಿಸಿತು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯವನ್ನು ಸೇರಿದವು. ಅಲ್ಲಿಯ ಶಾಸಕರು ಬೆಂಗಳೂರಿನ ಸಭೆಗೆ ಬಂದರು. ಮುಂಬಯಿ, ಹೈದರಾಬಾದು, ಕೊಡಗು, ಹಳೆಯ ಮೈಸೂರು ಎಂದು ಬೇರೆ ಬೇರೆ ಆಡಳಿತಗಳಲ್ಲಿ ಬೆಳೆದವರೆಲ್ಲ ಒಂದೇ ಸಭಾಗೃಹದಲ್ಲಿ ಕೂಡಿದರು. ನುಡಿ ಒಂದೇ, ರೂಢಿ ಹಲವು. ಪರಸ್ಪರ ಪರಿಚಯ ಅಲ್ಪ, ಶಂಕೆ ಅಧಿಕ. ಇಂತಹ ಸಭೆಗೆ 1956ರ ಡಿಸೆಂಬರ್ 19ರಂದು ಕಂಠಿಯವರು ಅಧ್ಯಕ್ಷರಾದರು. 1957ರ ಚುನಾವಣೆಯ ತರುವಾಯ ಮತ್ತೆ ಅವರೇ ಆಯ್ಕೆಗೊಂಡು 1962ರ ಮಾರ್ಚಿಯವರೆಗೆ ಆ ಪೀಠದಲ್ಲಿದ್ದರು.

ಸಭಾಧ್ಯಕ್ಷನ ಧರ್ಮವು ವಿಚಿತ್ರವಾದುದು. ಆತನು ಸಭೆಯ ಮಧ್ಯದಲ್ಲಿ ಎತ್ತರದಲ್ಲಿ ಕುಳಿತಿರುತ್ತಾನೆ, ಆದರೆ ವಾದದಲ್ಲಿ ಭಾಗಿಯಾಗುವಂತಿಲ್ಲ. ಪಕ್ಷದಿಂದ ಆರಿಸಿ ಬಂದಿರುತ್ತಾನೆ, ಆದರೆ ಪೀಠವೇರಿದ ಮೇಲೆ ಪಕ್ಷವನ್ನು ಮರೆಯಬೇಕು. ಎರಡೂ ಕಡೆಯ ಮತಗಳು ಸಮವಾದಾಗಲಲ್ಲದೆ ಆತನು ಮತ ಹಾಕುವಂತಿಲ್ಲ. ಬಹುಸಂಖ್ಯಾತರ ಅವಸರವನ್ನು ತಡೆದು, ಅಲ್ಪಸಂಖ್ಯಾತರಾದ ವಿರೋಧಿಗಳಿಗೂ ಮಾತಿನ ಅವಕಾಶ ದೊರಕಿಸುವುದು ಆತನ ಕಾಯಕ. ಅನುಭವಮಂಟಪವನ್ನು ಬಲ್ಲ ಭಕ್ತರಿಗೆ ಇದು ಹೊಸ ಸಂಗತಿಯಲ್ಲ. ಮಂಟಪವನ್ನು ಕಟ್ಟಿದವರು ಬಸವಣ್ಣನವರು. ಆದರೂ ಶೂನ್ಯಸಿಂಹಾಸನದಲ್ಲಿ ತಾವು ಕುಳಿತುಕೊಳ್ಳದೆ ಅಲ್ಲಮಪ್ರಭುದೇವರನ್ನು ಕುಳ್ಳಿರಿಸಿದರು. ತನ್ನದೆಂಬ ಭಾವವಿಲ್ಲದವನೇ ಎಲ್ಲರ ಮಾತಿಗೂ ಕಿವಿಗೊಡಬಲ್ಲನೆಂಬುದು ಅದರ ತಾತ್ಪರ್ಯ. ಮುಂಬಯಿಯ ಅವಧಿಯೂ ಸೇರಿ ಹತ್ತು ವರ್ಷಗಳ ಕಾಲ ಇಂತಹ ಪೀಠದಲ್ಲಿ ಕುಳಿತ ಅಭ್ಯಾಸವು ಕಂಠಿಯವರ ಮುಂದಿನ ನಡೆಗೆ ಒಂದು ಸಾಧನೆಯಂತಾಯಿತು.

ಆ ಪರೀಕ್ಷೆ ಬಂದುದು 1962ರಲ್ಲಿ. ಆ ವರ್ಷದ ಚುನಾವಣೆಯಲ್ಲಿ 208 ಸ್ಥಾನಗಳಲ್ಲಿ 138ನ್ನು ಕಾಂಗ್ರೆಸ್ ಗೆದ್ದಿತು. ಆದರೆ ಆ ಪಕ್ಷದ ಹಿರಿಯ ನಾಯಕರೂ, ಏಕೀಕೃತ ರಾಜ್ಯದ ಪ್ರಥಮ ಮುಖ್ಯಮಂತ್ರಿಗಳಾಗಿದ್ದವರೂ ಆದ ಶ್ರೀ ಎಸ್. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಪ್ರಜಾ ಸಮಾಜವಾದಿ ಪಕ್ಷದ ಶ್ರೀ ಜಿ. ಟಿ. ರಂಗಪ್ಪನವರ ಎದುರು ಸೋತರು. ಸೇನೆ ಗೆದ್ದು ಸೇನಾಪತಿ ಸೋತಂತಾಯಿತು. 1958ರಿಂದ ಮುಖ್ಯಮಂತ್ರಿಗಳಾಗಿದ್ದ ಶ್ರೀ ಬಿ. ಡಿ. ಜತ್ತಿಯವರ ಕಡೆಯವರು ಒಂದು ಬಣ, ನಿಜಲಿಂಗಪ್ಪನವರ ಅನುಯಾಯಿಗಳು ಇನ್ನೊಂದು ಬಣವಾಗಿ ಪಕ್ಷವು ಹಂಚಿಹೋಗಿತ್ತು. ಅನುಯಾಯಿಗಳಿಗೆ ತಮ್ಮ ನಾಯಕರೇ ಬೇಕು. ಆದರೆ ನಾಯಕರು ಸಭೆಯ ಸದಸ್ಯರಲ್ಲ. ಸದಸ್ಯನಲ್ಲದವನೂ ಆರು ತಿಂಗಳು ಮಂತ್ರಿಯಾಗಿರಬಹುದೆಂದು ಸಂವಿಧಾನ ಹೇಳುತ್ತದೆ. ಆದರೂ ಜನರಿಂದ ಆಗತಾನೆ ಸೋಲುಂಡವರು ಮರುದಿನವೇ ಗದ್ದುಗೆಯೇರುವುದು ಲೋಕಕ್ಕೆ ಒಪ್ಪುವ ಮಾತಲ್ಲ. ಈ ಇಕ್ಕಟ್ಟಿನಲ್ಲಿ ಎಲ್ಲರ ಕಣ್ಣು ಕಂಠಿಯವರ ಮೇಲೆ ನಿಂತಿತು. 1962ರ ಮಾರ್ಚ್ 14ರಂದು ಅವರು ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು.

ಇತ್ತ ಬಾಗಲಕೋಟೆಯಿಂದ ಗೆದ್ದಿದ್ದ ಶ್ರೀ ಬಿ. ಟಿ. ಮುರನಾಳರು ತಮ್ಮ ಸ್ಥಾನಕ್ಕೆ ರಾಜೀನಾಮೆಯಿತ್ತರು. ತೆರವಾದ ಆ ಕ್ಷೇತ್ರದಿಂದ ನಿಜಲಿಂಗಪ್ಪನವರು ವಿಧಾನಸಭೆಗೆ ಆರಿಸಿ ಬಂದರು. ಈಗ ಕಂಠಿಯವರ ಸರದಿ. ಕೈಯಲ್ಲಿ ಅಧಿಕಾರವಿತ್ತು, ಸಭೆಯಲ್ಲಿ ಬಹುಮತವಿತ್ತು, ಹಿಂದೆ ಹತ್ತು ವರ್ಷಗಳ ಅನುಭವವಿತ್ತು. ಮನಸ್ಸು ಮಾಡಿದ್ದರೆ ನೆವಗಳಿಗೆ ಕೊರತೆಯಿರಲಿಲ್ಲ. ರಾಜ್ಯದ ಹಿತ, ಆಡಳಿತದ ಸ್ಥಿರತೆ, ಬೆಂಬಲಿಗರ ಒತ್ತಾಯವೆಂಬ ಮಾತುಗಳು ಪದವಿಯಲ್ಲಿರುವವರಿಗೆ ಯಾವಾಗಲೂ ಕೈಗೆಟುಕುವಂತೆಯೇ ಇರುತ್ತವೆ. ಕಂಠಿಯವರು ಯಾವ ನೆವವನ್ನೂ ಹುಡುಕಲಿಲ್ಲ. ಜೂನ್ 20ರಂದು ಅವರ ಅಧಿಕಾರ ಮುಗಿಯಿತು. ಮರುದಿನ ನಿಜಲಿಂಗಪ್ಪನವರು ಎರಡನೆಯ ಸಲ ಮುಖ್ಯಮಂತ್ರಿಗಳಾದರು. ಅಣ್ಣನ ಪಾದುಕೆಗಳನ್ನಿಟ್ಟು ರಾಜ್ಯವನ್ನು ಕಾದ ಭರತನಿಗೆ ಜನ ಅವರನ್ನು ಹೋಲಿಸಿದುದು ಈ ಕಾರಣದಿಂದಲೇ.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಒಬ್ಬ ವ್ಯಕ್ತಿಗಾಗಿ ಪೀಠವನ್ನು ಕಾದಿರಿಸುವುದು ಪ್ರಜಾಪ್ರಭುತ್ವಕ್ಕೆ ಭೂಷಣವೆ? ಹೊಸದುರ್ಗದ ಜನರ ತೀರ್ಪಿಗೆ ಬೆಲೆಯೆಲ್ಲಿ ಬಂದಿತು? ಈ ಪ್ರಶ್ನೆ ಅಲ್ಲಗಳೆಯತಕ್ಕದ್ದಲ್ಲ. ಆದರೆ ಅದು ಪಕ್ಷದ ತೀರ್ಮಾನಕ್ಕೆ ಸಂಬಂಧಿಸಿದುದು. ಕಂಠಿಯವರ ನಡೆಯನ್ನು ತೂಗಬೇಕಾದ ತಕ್ಕಡಿ ಬೇರೆ. ಕೊಟ್ಟ ಭಾಷೆಗೆ ತಪ್ಪಿ ಪಡೆದುದನ್ನು ಉಳಿಸಿಕೊಂಡಿದ್ದರೆ ಅವರು ಬಹುಕಾಲ ಆಳಬಹುದಾಗಿತ್ತೇನೋ. ಆದರೆ ನಂಬಿದವರ ನಂಬಿಕೆ ಮುರಿಯುತ್ತಿತ್ತು. ನ್ಯಾಸವಾಗಿ ಬಂದುದನ್ನು ನ್ಯಾಸವಾಗಿಯೇ ಉಳಿಸಿ ಹಿಂದಿರುಗಿಸಿದುದರಲ್ಲಿ ಅವರ ಹಿರಿಮೆಯಿದೆ.

ಮುಖ್ಯಮಂತ್ರಿಯಾಗಿದ್ದವನು ಮತ್ತೊಬ್ಬರ ಕೈಕೆಳಗೆ ಮಂತ್ರಿಯಾಗಿ ದುಡಿಯುವುದು ಬಿಟ್ಟುಕೊಡುವುದಕ್ಕಿಂತಲೂ ಕಠಿಣ. ಕಂಠಿಯವರು ಅದನ್ನೂ ಅಂಗೀಕರಿಸಿ ನಿಜಲಿಂಗಪ್ಪನವರ ಸಂಪುಟದಲ್ಲಿ ಶಿಕ್ಷಣಮಂತ್ರಿಗಳಾದರು. ಅವರ ಹೆಸರು ಇಂದಿಗೂ ಉಳಿದಿರುವುದು ಹೆಚ್ಚಾಗಿ ಈ ಕಾಯಕದಿಂದ. 1963ರ ಸೆಪ್ಟೆಂಬರಿನಲ್ಲಿ ಬಿಜಾಪುರದ ಸೈನಿಕ ಶಾಲೆ ಆರಂಭವಾಯಿತು. ಬರದ ನಾಡಿನ ಮಕ್ಕಳಿಗೆ ದೇಶರಕ್ಷಣೆಯ ಹೆದ್ದಾರಿ ತೆರೆಯಿತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ತಲೆಯೆತ್ತಿತು. ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಹೆಸರಿನಲ್ಲಿ 1969ರಲ್ಲಿ ಪ್ರಾರಂಭವಾದ ಹೆಣ್ಣುಮಕ್ಕಳ ಸೈನಿಕ ವಸತಿ ಶಾಲೆಯ ಸ್ಥಾಪಕರೆಂದೂ ಅವರನ್ನು ಸ್ಮರಿಸುತ್ತಾರೆ. ಹೆಣ್ಣು ಗಂಡೆಂಬ ಭೇದ ಆತ್ಮಕ್ಕಿಲ್ಲವೆಂದು ಸಾರಿದ ಶರಣರ ನಾಡಿನಲ್ಲಿ, 1824ರಲ್ಲಿ ಆಂಗ್ಲರನ್ನೆದುರಿಸಿದ ವೀರರಾಣಿಯ ನೆಲದಲ್ಲಿ, ಬಾಲೆಯರಿಗಾಗಿ ಇಂತಹ ಶಾಲೆ ನಿಂತುದು ಉಚಿತವಾದುದು.

1967ರಲ್ಲಿ ಹುನಗುಂದದ ಜನ ನಾಲ್ಕನೆಯ ಬಾರಿಗೆ ಅವರನ್ನು ಆರಿಸಿದರು. ಪೀಠವನ್ನು ಬಿಟ್ಟವರನ್ನು ಜನ ಬಿಡಲಿಲ್ಲ. 1969ರ ಕಡೆಯಲ್ಲಿ ಕಾಂಗ್ರೆಸ್ ಪಕ್ಷವೇ ಎರಡು ಹೋಳಾಗಿ, ಹಳೆಯ ಸ್ನೇಹಗಳು ಮುರಿದುಬೀಳುತ್ತಿದ್ದ ದಿನಗಳಲ್ಲಿ, ಡಿಸೆಂಬರ್ 25ರಂದು ಕಂಠಿಯವರು ಲಿಂಗೈಕ್ಯರಾದರು. ಅರವತ್ತೊಂದು ವರ್ಷ ತುಂಬಿ ನಾಲ್ಕೇ ದಿನಗಳಾಗಿದ್ದವು.

ಮುಖ್ಯಮಂತ್ರಿಯ ಪೀಠವು ಎಲ್ಲರ ಪಾಲಿಗೂ ಬರುವುದಿಲ್ಲ. ಆದರೆ ತಮ್ಮನ ಹೊಲವನ್ನು ನೋಡಿಕೊಳ್ಳುವ ಅಣ್ಣ, ತಂದೆಯಿಲ್ಲದ ಮಕ್ಕಳ ಆಸ್ತಿಯನ್ನು ಕಾಯುವ ಹಿರಿಯ, ಮಠದ ದಾಸೋಹದ ಲೆಕ್ಕವನ್ನು ಬರೆಯುವ ಭಕ್ತ, ಸಂಘದ ಹಣವನ್ನಿಟ್ಟುಕೊಂಡ ಪಂಚ, ಇವರೆಲ್ಲರೂ ತಮ್ಮ ತಮ್ಮ ಅಳತೆಯಲ್ಲಿ ಪೀಠವನ್ನೇರಿದವರೇ. ಕಾಯುವ ದಿನಗಳು ಉದ್ದವಾದಷ್ಟೂ ಅದು ತನ್ನದೇ ಎಂಬ ಭ್ರಮೆ ಮೆಲ್ಲನೆ ಬೆಳೆಯುತ್ತದೆ. ಮರಳಿಸುವ ಗಳಿಗೆ ಬಂದಾಗ ಕೈ ನಡುಗದಿದ್ದರೆ ಆ ಗೃಹಸ್ಥನ ಇಷ್ಟಲಿಂಗಪೂಜೆ ಸಾರ್ಥಕವಾಯಿತೆಂದು ತಿಳಿಯಬೇಕು. ಸಂಗಮದ ಸೀಮೆಯ ಈ ಶಾಸಕರು ಬಾಳಿ ತೋರಿಸಿದುದು ಅದನ್ನೇ.