ದ್ರಾಕ್ಷಿಯ ಪಂಡಿತ ಕೊಲುಮೆಲ್ಲ

ಸ್ಪೇಯಿನ್ ದೇಶವೆಂದರೆ ನಮ್ಮಲ್ಲಿ ಅನೇಕರಿಗೆ ಗೂಳಿಕಾಳಗವೋ ಕಾಲ್ಚೆಂಡಾಟವೋ ನೆನಪಿಗೆ ಬರುತ್ತದೆ. ಯೂರೋಪಿನವರಿಗಾದರೋ ದ್ರಾಕ್ಷಿಯ ತೋಟವೂ ವೈನೂ ನೆನಪಾಗುತ್ತವೆ. ಪ್ರಪಂಚದಲ್ಲಿ ಎಲ್ಲಕ್ಕಿಂತ ಹೆಚ್ಚು ನೆಲವನ್ನು ದ್ರಾಕ್ಷಿಬಳ್ಳಿಗೆ ಬಿಟ್ಟುಕೊಟ್ಟಿರುವ ದೇಶ ಅದು. ಆ ನಾಡಿನಲ್ಲಿ ಹುಟ್ಟಿ, ಈಗ್ಗೆ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ದ್ರಾಕ್ಷಿಯನ್ನು ಬೆಳೆಯುವ ಬಗೆಯನ್ನೂ ಅದರ ರಸವನ್ನು ವೈನಾಗಿಸಿ ಕಾಪಾಡುವ ಬಗೆಯನ್ನೂ ಶಾಸ್ತ್ರದಂತೆ ಬರೆದಿಟ್ಟವನು ಲೂಸಿಯಸ್ ಜೂನಿಯಸ್ ಮಾಡರೇಟಸ್ ಕೊಲುಮೆಲ್ಲ. ಪಶ್ಚಿಮ ದೇಶಗಳ ಕೃಷಿಚರಿತ್ರೆಯಲ್ಲಿ ಆತನ ಹೆಸರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ನಮ್ಮಲ್ಲಿ ಮಾತ್ರ ಆತನನ್ನು ಬಲ್ಲವರು ವಿರಳ. ಆದ್ದರಿಂದ ಸಹಪಾಠಿಗಳ ಮುಂದೆ ಆತನ ಚರಿತ್ರೆಯನ್ನು ಇಡಬೇಕೆಂದು ನನಗೆ ಆಸೆ.

ಇದು ಪಾನದ ಪ್ರಶಂಸೆಯಲ್ಲವೆಂದು ಮೊದಲೇ ಹೇಳಿಬಿಡುವುದು ಕ್ಷೇಮ. ನಾನು ವೈನಿನ ರುಚಿ ನೋಡಿಲ್ಲ. ನೋಡಬೇಕೆಂಬ ಆತುರವೂ ಇಲ್ಲ. ಆದರೆ ದ್ರಾಕ್ಷಿಯ ಸಂಗತಿ ನನಗೆ ಹೊಸದಲ್ಲ. ನನ್ನ ತಾಯಿಯ ತವರು ದೊಡ್ಡಬಳ್ಳಾಪುರದ ಕಡೆಯ ಒಂದು ಹಳ್ಳಿ. ಅಲ್ಲಿ ನನ್ನ ಸೋದರಮಾವನವರಿಗೆ ಬೆಂಗಳೂರು ಬ್ಲೂ ದ್ರಾಕ್ಷಿಯ ಚಪ್ಪರವುಂಟು. ವಿಜಯನಗರದ ಮಾರುಕಟ್ಟೆಯಲ್ಲಿ ತಳ್ಳುಗಾಡಿಗಳ ಮೇಲೆ ರಾಶಿ ಹಾಕಿ ಮಾರುವ, ದಪ್ಪ ಸಿಪ್ಪೆಯ, ಮೂಗಿಗೆ ಅಡರುವ ಪರಿಮಳದ ಕಪ್ಪು ದ್ರಾಕ್ಷಿಯೇ ಅದು. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ನಮ್ಮ ಸರ್ಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆಗೂ ವೈನಿಗೂ ಸೇರಿದ ಒಂದು ನೀತಿಯನ್ನೇ ಹೊರಡಿಸಿದ ಮೇಲೆ, ವೈನೆಂಬ ಮಾತು ಮಾವನವರ ಜಗುಲಿಯ ಮೇಲೂ ಕೇಳಿಬರತೊಡಗಿತು. ಈ ಬೆಳೆಯ ಹಿಂದಿನ ಕಥೆಯನ್ನು ಹುಡುಕುತ್ತ ಹೋದಾಗ ಕೊಲುಮೆಲ್ಲನು ಎದುರಾದನು.

ಆತನು ಹುಟ್ಟಿದ್ದು ಸುಮಾರು ಕ್ರಿ.ಶ. 4ರಲ್ಲಿ, ಸ್ಪೇಯಿನಿನ ದಕ್ಷಿಣ ತುದಿಯ ಗಾದೇಸ್ ಪಟ್ಟಣದಲ್ಲಿ. ಇಂದು ಅದನ್ನು ಕಾಡಿಜ್ ಎನ್ನುತ್ತಾರೆ. ಮೂರು ಕಡೆ ಕಡಲು ಸುತ್ತಿದ, ಫಿನೀಷಿಯದ ವರ್ತಕರು ಕಟ್ಟಿದ ಪ್ರಾಚೀನ ರೇವು ಅದು. ಆ ಪ್ರಾಂತಕ್ಕೆ ಆಗ ಬೇಟಿಕ ಎಂದು ಹೆಸರು. ರೋಮ್ ಸಾಮ್ರಾಜ್ಯಕ್ಕೆ ಎಣ್ಣೆಯೂ ವೈನೂ ಅಲ್ಲಿಂದ ಜಾಡಿಗಳಲ್ಲಿ ತುಂಬಿ ಹಡಗೇರಿ ಹೋಗುತ್ತಿದ್ದುವು. ತತ್ವಜ್ಞಾನಿ ಸೆನೆಕನು ಹುಟ್ಟಿದ್ದೂ ಅದೇ ಪ್ರಾಂತದಲ್ಲಿಯೇ.

ಕೊಲುಮೆಲ್ಲನ ಬಾಲ್ಯದ ಗುರು ಆತನ ತಂದೆಯ ಸೋದರನಾದ ಮಾರ್ಕಸ್. ಈತನು ಬರಿಯ ಜಮೀನುದಾರನಲ್ಲ, ಪ್ರಯೋಗಶೀಲ. ಕಾಡುಮೃಗಗಳ ಪ್ರದರ್ಶನಕ್ಕೆಂದು ಆಫ್ರಿಕದಿಂದ ಗಾದೇಸಿಗೆ ಬಂದಿಳಿದ ಅಪರೂಪದ ಬಣ್ಣದ ಕಾಡುಟಗರುಗಳನ್ನು ಈತನು ಕೊಂಡುಕೊಂಡು ತನ್ನ ಕುರಿಗಳೊಡನೆ ಕೂಡಿಸಿದನು. ಮೊದಲ ತಲೆಮಾರಿನ ಮರಿಗಳ ಉಣ್ಣೆ ಒರಟಾಯಿತು. ಆತನು ಬಿಡಲಿಲ್ಲ. ಮುಂದಿನ ತಲೆಮಾರುಗಳಲ್ಲಿ ತಂದೆಯ ಬಣ್ಣವೂ ತಾಯಿಯ ಮೃದುತ್ವವೂ ಒಂದಾಗಿ ಬಂದುವು. ಇನ್ನು ದ್ರಾಕ್ಷಿ. ಬೇಸಗೆಯ ಕಡುಬಿಸಿಲಿನ ದಿನಗಳಲ್ಲಿ ಬೇಟಿಕದಲ್ಲಿ ಬೆಂಕಿಯ ಉಸಿರಿನಂಥ ಗಾಳಿ ಬೀಸಿ ಗೊಂಚಲುಗಳನ್ನು ಸುಟ್ಟುಬಿಡುತ್ತಿತ್ತು. ಆಗ ಮಾರ್ಕಸನು ತಾಳೆಗರಿಯ ಚಾಪೆಗಳನ್ನು ಬಳ್ಳಿಗಳ ಮೇಲೆ ಹೊದಿಸಿ ನೆರಳು ಮಾಡುತ್ತಿದ್ದನು. ಇಂದು ನಮ್ಮ ಹೂವಿನ ತೋಟಗಳ ಮೇಲೆ ಕಟ್ಟುವ ಹಸಿರು ಬಲೆಯ ಹಿರಿಯಣ್ಣನೆಂದು ಆ ಚಾಪೆಯನ್ನು ಕರೆಯಬಹುದು.

ಯೌವನದಲ್ಲಿ ಕೊಲುಮೆಲ್ಲನು ಸೈನ್ಯಕ್ಕೆ ಸೇರಿದನು. ಇಟಲಿಯ ಟಾರಂಟೊ ಪಟ್ಟಣದಲ್ಲಿ ದೊರೆತ ಶಾಸನವೊಂದರಿಂದ ಆತನು ರೋಮಿನ ಆರನೆಯ ಲೀಜನ್ ಎಂಬ ದಂಡಿನಲ್ಲಿ ಅಧಿಕಾರಿಯಾಗಿದ್ದನೆಂದು ತಿಳಿಯುತ್ತದೆ. ಆ ದಂಡು ಸಿರಿಯ ದೇಶದಲ್ಲಿ ಬೀಡುಬಿಟ್ಟಿತ್ತು. ದಂಡಿನಲ್ಲಿದ್ದವನು ಯುದ್ಧದ ಕಥೆಯನ್ನು ಬರೆಯುವುದು ವಾಡಿಕೆ; ಈತನು ಬರೆದಿಟ್ಟಿದ್ದು ಸಿಲಿಷಿಯದಲ್ಲಿಯೂ ಸಿರಿಯದಲ್ಲಿಯೂ ಎಳ್ಳನ್ನು ಜೂನ್, ಜುಲೈ ತಿಂಗಳಲ್ಲಿ ಬಿತ್ತುತ್ತಾರೆಂಬ ಸಂಗತಿ! ಕೆಲವರ ಕಣ್ಣು ಎಲ್ಲಿ ಹೋದರೂ ಹೊಲವನ್ನೇ ನೋಡುತ್ತದೆ.

ಬಳಿಕ ಆತನು ಇಟಲಿಯಲ್ಲಿ ನೆಲಸಿ, ರೋಮ್ ನಗರಕ್ಕೆ ಬಹಳ ದೂರವಲ್ಲದ ಆರ್ಡಿಯ, ಕಾರ್ಸಿಯೋಲಿ, ಆಲ್ಬ ಮೊದಲಾದೆಡೆಗಳಲ್ಲಿ ಜಮೀನು ಮಾಡಿದನು. ಆಗಿನ ಇಟಲಿಯಲ್ಲಿ ಒಂದು ಗೊಣಗಾಟ ಸಾಮಾನ್ಯವಾಗಿತ್ತು: ಭೂಮಿತಾಯಿಗೆ ವಯಸ್ಸಾಯಿತು, ಆಕೆ ಬಂಜೆಯಾದಳು, ಇನ್ನು ಬೇಸಾಯದಿಂದ ಫಲವಿಲ್ಲವೆಂದು. ಕೊಲುಮೆಲ್ಲನು ತನ್ನ ಗ್ರಂಥವನ್ನು ಆರಂಭಿಸುವುದೇ ಈ ಮಾತನ್ನು ಖಂಡಿಸುವುದರಿಂದ. ತಪ್ಪು ಭೂಮಿಯದಲ್ಲ, ಕೈಲಾಗದ ಆಳಿಗೆ ಹೊಲವನ್ನೊಪ್ಪಿಸಿ ನಗರದಲ್ಲಿ ಕುಳಿತ ಒಡೆಯನದು ಎಂಬುದು ಆತನ ವಾದ. ಅಷ್ಟಕ್ಕೆ ಬಿಡದೆ ಇನ್ನೊಂದನ್ನೂ ಕೇಳುತ್ತಾನೆ. ಭಾಷಣಕಲೆಗೆ ಶಾಲೆಗಳಿವೆ, ರೇಖಾಗಣಿತಕ್ಕೆ, ಸಂಗೀತಕ್ಕೆ ಗುರುಗಳಿದ್ದಾರೆ, ಅಡಿಗೆಯನ್ನೂ ಕೇಶಾಲಂಕಾರವನ್ನೂ ಸಹ ಕಲಿಸುವವರಿದ್ದಾರೆ. ಅನ್ನ ಕೊಡುವ ಬೇಸಾಯಕ್ಕೆ ಮಾತ್ರ ಕಲಿಸುವವನೂ ಇಲ್ಲ, ಕಲಿಯುವವನೂ ಇಲ್ಲವೇಕೆ?

ಇದನ್ನು ಓದಿದಾಗ ನಮ್ಮ ಕಾಲೇಜಿನ ಸುತ್ತಣ ಹೆಸರುಗಳು ನನ್ನ ಮನಸ್ಸಿಗೆ ಬಂದುವು: ಹೊಸಹಳ್ಳಿ, ಮಾರೇನಹಳ್ಳಿ, ಕಾಮಾಕ್ಷಿಪಾಳ್ಯ, ಅಗ್ರಹಾರ ದಾಸರಹಳ್ಳಿ. ಎಲ್ಲವೂ ಉಳುವವರ ಊರುಗಳೇ. ಈಗ ಹೆಸರಿದೆ, ಉಳುಮೆಯಿಲ್ಲ. ನಮ್ಮಲ್ಲಿ 1964ರಿಂದಲೇ ಕೃಷಿ ವಿಶ್ವವಿದ್ಯಾಲಯವಿರುವುದರಿಂದ ಕೊಲುಮೆಲ್ಲನ ದೂರು ನಮಗೆ ಪೂರ್ತಿ ಒಪ್ಪುವುದಿಲ್ಲ, ನಿಜ. ಆದರೆ ಮಾವನವರ ಇಬ್ಬರು ಮಕ್ಕಳಲ್ಲಿ ಒಬ್ಬರಿಗೂ ಬಳ್ಳಿ ಸವರಲು ಬಾರದು. ಓದಿದವರಿಗೆ ಆ ಕೆಲಸ ತಕ್ಕುದಲ್ಲವೆಂದು ಅವರಿಗೆ ಹೇಳಿಕೊಟ್ಟವರು ಸ್ವತಃ ಮಾವನವರೇ.

ಆತನ ಕೃತಿಯ ಹೆಸರು ‘ದೆ ರೆ ರುಸ್ತಿಕ’. ಬೇಸಾಯದ ವಿಷಯವೆಂದು ಅರ್ಥ. ಒಟ್ಟು 12 ಪುಸ್ತಕಗಳು. ನೆರೆಯ ಜಮೀನುದಾರ ಸಿಲ್ವೀನಸನಿಗೆ ಉದ್ದೇಶಿಸಿ ಬರೆದದ್ದು. ಉಳುಮೆ, ದನಕರು, ಜೇನು, ಕೋಳಿ ಎಲ್ಲವೂ ಅದರಲ್ಲಿವೆ. ಹತ್ತನೆಯದು ಪದ್ಯದಲ್ಲಿದೆ, ಮಹಾಕವಿ ವರ್ಜಿಲನು ತನ್ನ ಕೃಷಿಕಾವ್ಯದಲ್ಲಿ ಕೈತೋಟದ ಭಾಗವನ್ನು ಮುಂದಿನವರಿಗೆ ಬಿಟ್ಟಿದ್ದನೆಂದು ಈತನು ಆ ಜಾಗವನ್ನು ತುಂಬಲು ಹೊರಟನು. ಸಾಹಸ ಮೆಚ್ಚತಕ್ಕದ್ದೇ, ಆದರೆ ವರ್ಜಿಲನ ಪಕ್ಕದಲ್ಲಿ ನಿಲ್ಲಲು ಹೋಗಬಾರದಿತ್ತೆಂದು ನನಗನ್ನಿಸುತ್ತದೆ. ಆತನ ನಿಜವಾದ ಶಕ್ತಿಯಿರುವುದು ದ್ರಾಕ್ಷಿಗೆ ಮೀಸಲಾದ ಮೂರನೆಯ, ನಾಲ್ಕನೆಯ ಪುಸ್ತಕಗಳಲ್ಲಿ.

ದ್ರಾಕ್ಷಿಯಿಂದ ನಷ್ಟವೇ ಹೊರತು ಲಾಭವಿಲ್ಲವೆಂದು ಜನ ಹೇಳುತ್ತಿದ್ದರು. ಕೊಲುಮೆಲ್ಲನು ಲೆಕ್ಕವನ್ನೇ ಬರೆದು ತೋರಿಸಿದನು. ರೋಮನರ ಅಳತೆ ಯೂಗೆರಮ್. ನಮ್ಮ ಸುಮಾರು 25 ಗುಂಟೆ. ಏಳು ಯೂಗೆರಮ್ಮಿಗೆ ಒಬ್ಬ ಬಳ್ಳಿಗಾರ ಸಾಕು. ಜನರು ಹರಾಜಿನ ಕಟ್ಟೆಯಿಂದ ಅಗ್ಗದ ಗುಲಾಮನನ್ನು ತಂದು ತೋಟಕ್ಕೆ ಬಿಡುತ್ತಾರೆ. ಅದು ತಪ್ಪು, ಕೆಲಸ ಬಲ್ಲವನಿಗೆ 8,000 ಸೆಸ್ಟರ್ಸ್ ನಾಣ್ಯ ಕೊಟ್ಟರೂ ಸರಿಯೇ. ನೆಲಕ್ಕೆ 7,000. ಸಸಿ, ಊರುಗೋಲು ಮೊದಲಾದುವಕ್ಕೆ 14,000. ಒಟ್ಟು 29,000. ಫಸಲು ಬರುವವರೆಗಿನ ಎರಡು ವರ್ಷಕ್ಕೆ ನೂರಕ್ಕೆ 6ರಂತೆ ಬಡ್ಡಿ 3,480. ಎಲ್ಲ ಕೂಡಿ 32,480. ಈ ಹಣವನ್ನು ಬಡ್ಡಿಗೆ ಬಿಟ್ಟಿದ್ದರೆ ವರ್ಷಕ್ಕೆ ಬರುವುದು ಸುಮಾರು 1,950. ತೋಟವು ತೀರ ಕಳಪೆಯಾಗಿ ಯೂಗೆರಮ್ಮಿಗೆ ಒಂದೇ ಕುಲ್ಲೆಯಸ್, ಎಂದರೆ ಸುಮಾರು 520 ಲೀಟರು ವೈನು ಕೊಟ್ಟರೂ, ಕುಲ್ಲೆಯಸ್ಸಿಗೆ 300ರಂತೆ ವರ್ಷಕ್ಕೆ 2,100 ಬಂದೇ ಬರುತ್ತದೆ. ಮೂರು ಕುಲ್ಲೆಯಸ್ಸಿಗಿಂತ ಕಡಿಮೆ ಕೊಡುವ ತೋಟವನ್ನು ಕಿತ್ತುಹಾಕಬೇಕೆಂಬುದು ಆತನ ಕಟ್ಟಪ್ಪಣೆ. ಸೆನೆಕನ ತೋಟವು ಎಂಟು ಕುಲ್ಲೆಯಸ್ ಕೊಡುತ್ತಿತ್ತಂತೆ!

ಲೆಕ್ಕ ಅಚ್ಚುಕಟ್ಟಾಗಿದೆ. ಅರ್ಥಶಾಸ್ತ್ರದ ಸಹಪಾಠಿಗಳು ಇದನ್ನು ನೋಡಿ ತಲೆದೂಗಬಹುದು. ನನಗೆ ಮಾತ್ರ ಅದರ ಮೊದಲ ಎರಡು ಅಂಕಿಗಳಿಂದ ಕಣ್ಣು ಕೀಳಲಾಗಲಿಲ್ಲ. ನಾಲ್ಕು ಎಕರೆಗೂ ಮೀರಿದ ನೆಲಕ್ಕೆ 7,000; ಅದನ್ನು ದುಡಿಯುವ ಮನುಷ್ಯನಿಗೆ 8,000. ಒಬ್ಬ ಮನುಷ್ಯನನ್ನು ಕೊಂಡು, ಊರುಗೋಲಿನ ಸಾಲಿನಲ್ಲಿಯೇ ಬರೆದಿದ್ದಾನೆ. ಅಷ್ಟೇ ಅಲ್ಲ, ಆ ಮನುಷ್ಯನ ಅನ್ನಬಟ್ಟೆಗೆ, ಸುಗ್ಗಿಯಲ್ಲಿ ಗೊಂಚಲು ಕೊಯ್ದವರಿಗೆ, ಗಾಣಕ್ಕೆ, ಜಾಡಿಗಳಿಗೆ ಲೆಕ್ಕದಲ್ಲಿ ಸ್ಥಳವೇ ಇಲ್ಲವೆಂದು ಇತ್ತೀಚಿನ ಚರಿತ್ರಕಾರರು ತೋರಿಸಿದ್ದಾರೆ. ದ್ರಾಕ್ಷಿಯ ಕೆಲಸಕ್ಕೆ ಚುರುಕು ಬುದ್ಧಿ ಬೇಕು, ದುಷ್ಟರಿಗೆ ಬುದ್ಧಿ ಚುರುಕಾಗಿರುತ್ತದೆ, ಆದುದರಿಂದ ತೋಟಗಳಲ್ಲಿ ಹೆಚ್ಚಾಗಿ ಸಂಕೋಲೆ ಹಾಕಿದ ಗುಲಾಮರೇ ದುಡಿಯುತ್ತಾರೆಂದು ಆತನೇ ಬೇರೊಂದೆಡೆ ಶಾಂತವಾಗಿ ಬರೆದಿದ್ದಾನೆ. ಕ್ರೂರಿಯೆಂದು ಆತನನ್ನು ತಳ್ಳಿಹಾಕುವಂತೆಯೂ ಇಲ್ಲ. ಸೆರೆಮನೆಯ ಗುಲಾಮರ ಅಹವಾಲನ್ನು ಒಡೆಯನೇ ಕೇಳಬೇಕೆಂದೂ, ಮೂವರಿಗಿಂತ ಹೆಚ್ಚು ಗಂಡುಮಕ್ಕಳನ್ನು ಹೆತ್ತ ದಾಸಿಗೆ ತಾನು ಬಿಡುಗಡೆ ಕೊಟ್ಟೆನೆಂದೂ ಹೇಳುತ್ತಾನೆ. ಆದರೂ ಆ ಬಿಡುಗಡೆಯಲ್ಲಿ ಮಕ್ಕಳ ಎಣಿಕೆಯಿದೆಯಲ್ಲ!

ಮಾವನವರೂ ಲೆಕ್ಕದ ಪುಸ್ತಕವಿಟ್ಟಿದ್ದಾರೆ. ಗೊಬ್ಬರ, ಔಷಧ, ಕೂಲಿ, ಬಾಡಿಗೆ ಎಲ್ಲವೂ ದಿನಾಂಕ ಸಹಿತ ಇವೆ. ನಸುಕಿನಿಂದ ಕತ್ತಲೆಯವರೆಗೆ ಗೊಂಚಲಿನಲ್ಲಿ ಕೊಳೆತ ಹಣ್ಣನ್ನು ಆರಿಸಿ ಪೆಟ್ಟಿಗೆಗೆ ಜೋಡಿಸುವ ಅತ್ತೆಯವರ ಕೂಲಿಗೆ ಅದರಲ್ಲಿ ಅಂಕಣವಿಲ್ಲ. ಕೊಲುಮೆಲ್ಲನನ್ನು ಓದಿದ ಮೇಲೆ ನಾನು ಅದನ್ನು ಗಮನಿಸಿದೆ; ತೋರಿಸಿದಾಗ ಮಾವನವರು ನಕ್ಕರು, ಅತ್ತೆಯವರು ನಗಲಿಲ್ಲ.

ಇನ್ನು ಆತನ ವಿದ್ಯೆ. ಹೆಚ್ಚು ಕೊಡುವ ಬಳ್ಳಿಯನ್ನು ಒಂದು ವರ್ಷದ ಫಸಲು ನೋಡಿ ನಂಬಬಾರದು. ಸುಗ್ಗಿಯಲ್ಲಿ ಒಳ್ಳೆಯ ಬಳ್ಳಿಗಳಿಗೆ, ಮಳೆಗೆ ತೊಳೆದುಹೋಗದಂತೆ ಹುಳಿರಸದಲ್ಲಿ ಕಲಸಿದ ಕೆಮ್ಮಣ್ಣಿನಿಂದ ಗುರುತು ಹಾಕಬೇಕು. ಹೀಗೆ ಸತತವಾಗಿ ಕೆಲವು ವರ್ಷ ನೋಡಿ, ತಪ್ಪದೆ ಫಲ ಕೊಟ್ಟ ಬಳ್ಳಿಯಿಂದಲೇ ನೆಡುವ ಕಡ್ಡಿ ಕೊಯ್ಯಬೇಕು. ಕಸಿಗೆ ಬುಡದಲ್ಲಿ ತೂತು ಕೊರೆಯುವಾಗ, ಹಿಟ್ಟುದುರಿಸಿ ಮರವನ್ನು ಸುಡುವ ಹಳೆಯ ಬೈರಿಗೆಯನ್ನು ಬಿಟ್ಟು, ಸುರುಳಿ ಸುರುಳಿಯಾಗಿ ಹೆರೆಯುವ ಗಾಲ್ ದೇಶದ ಬೈರಿಗೆಯನ್ನು ಬಳಸಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರ ಎಂಬ ಬೇರುಹೇನು ಯೂರೋಪಿನ ತೋಟಗಳನ್ನು ತಿಂದುಹಾಕಿ, 1894ರಲ್ಲಿ ಕಾಡಿಜ್ ಪಕ್ಕದ ಹೆರೆಸ್ ಪಟ್ಟಣವನ್ನೂ ಮುಟ್ಟಿದಾಗ, ಅಲ್ಲಿಯವರನ್ನು ಉಳಿಸಿದ್ದು ಅಮೆರಿಕದ ಬೇರಿನ ಮೇಲೆ ಸ್ಪೇಯಿನಿನ ಬಳ್ಳಿಯ ಕಸಿ. ನಮ್ಮಲ್ಲಿಯೂ ಡಾಗ್‌ರಿಡ್ಜ್ ಎಂಬ ಅಮೆರಿಕದ ಬೇರಿಗೆ ಕಸಿ ಕಟ್ಟುವುದು ಈಗ ವಾಡಿಕೆ. ಚಳಿಗಾಲದಲ್ಲಿ ಬಳ್ಳಿ ಮಲಗುತ್ತದೆಂದು ಕೊಲುಮೆಲ್ಲನು ವರ್ಷಕ್ಕೊಮ್ಮೆ ಸವರಿದರೆ ಸಾಕೆನ್ನುತ್ತಾನೆ. ಬೆಂಗಳೂರಿನ ಸುತ್ತ ಬಳ್ಳಿಗೆ ನಿದ್ದೆಯೇ ಇಲ್ಲ. ಬೆಂಗಳೂರು ಬ್ಲೂ ವರ್ಷಕ್ಕೆ ಎರಡು ಫಸಲು ಕೊಡುತ್ತದೆಂದು ಕೇಳಿದ್ದರೆ ಆತನು ನಂಬುತ್ತಿದ್ದನೋ ಇಲ್ಲವೋ!

ನಾಲ್ಕನೆಯ ಪುಸ್ತಕದಲ್ಲಿ ಒಂದು ಕಥೆಯುಂಟು. ಒಬ್ಬ ರೈತನಿಗೆ ಇಬ್ಬರು ಹೆಣ್ಣುಮಕ್ಕಳು, ಒಂದು ದ್ರಾಕ್ಷಿತೋಟ. ಹಿರಿಯಳ ಮದುವೆಯಲ್ಲಿ ತೋಟದ ಮೂರನೆಯ ಒಂದು ಪಾಲನ್ನು ಬಳುವಳಿ ಕೊಟ್ಟನು. ಉಳಿದ ಭಾಗದಿಂದ ಹಿಂದಿನಷ್ಟೇ ವೈನು ಬಂದಿತು. ಕಿರಿಯಳ ಮದುವೆಗೆ ಉಳಿದುದರಲ್ಲಿ ಅರ್ಧ ಕೊಟ್ಟನು. ಆಗಲೂ ಹುಟ್ಟುವಳಿ ಕುಗ್ಗಲಿಲ್ಲ. ಮೊದಲು ಇಡೀ ತೋಟಕ್ಕೆ ದೊರೆತುದಕ್ಕಿಂತ ಒಳ್ಳೆಯ ಆರೈಕೆ ಕೊನೆಗುಳಿದ ಆ ಮೂರನೆಯ ಒಂದು ಪಾಲಿಗೆ ದೊರೆಯಿತೆಂದೇ ಇದರ ಅರ್ಥವೆನ್ನುತ್ತಾನೆ ಕೊಲುಮೆಲ್ಲನು.

ಹತ್ತಕ್ಕೇ ಮುಗಿಸಬೇಕೆಂದಿದ್ದ ಗ್ರಂಥಕ್ಕೆ ಆತನು ಮತ್ತೆರಡು ಪುಸ್ತಕ ಸೇರಿಸಿದನು. ಹನ್ನೆರಡನೆಯದು ತೋಟದ ಮೇಲ್ವಿಚಾರಕನ ಹೆಂಡತಿಯ ಕರ್ತವ್ಯಗಳನ್ನು ಕುರಿತದ್ದು. ವೈನು ಮಾಡುವ, ಕಾಪಾಡುವ ವಿದ್ಯೆಯೆಲ್ಲ ಇರುವುದು ಇದರಲ್ಲಿಯೇ. ಆಕೆಯೂ ಗುಲಾಮಳೇ, ಒಡೆಯನ ಐಶ್ವರ್ಯವೆಲ್ಲ ಕೆಡದೆ ಉಳಿಯುವುದು ಆಕೆಯ ಕೈಗುಣದಿಂದ. ನಮ್ಮ ಹಗೇವಿನಂತೆ ನೆಲದಲ್ಲಿ ಹೂಳಿದ ದೊಡ್ಡ ಮಣ್ಣಿನ ಗುಡಾಣಗಳಿಗೆ ಒಳಗೆ ರಾಳ ಬಳಿಯಬೇಕು. ಹೊಸ ರಸವನ್ನು ಕುದಿಸಿ ಬತ್ತಿಸಿ, ಮೆಂತ್ಯ ಮೊದಲಾದುವನ್ನು ಕೂಡಿಸಿ, ಕೆಡುವಂಥ ವೈನಿಗೆ ಬೆರಸಬೇಕು. ಆದರೆ ಏನನ್ನೂ ಬೆರಸದೆ ತಾನಾಗಿ ಬಾಳುವ ವೈನೇ ಉತ್ತಮವೆಂದು ಎಚ್ಚರಿಸುತ್ತಾನೆ. ಇಷ್ಟು ಜಾಣನಾದವನು ರಸ ಕುದಿಸಲು ಹಿತ್ತಾಳೆಗಿಂತ ಸೀಸದ ಪಾತ್ರೆ ಮೇಲೆಂದು ಬರೆದುಬಿಟ್ಟಿದ್ದಾನೆ. ಕಿಲುಬಿನ ರುಚಿ ಬಾರದಿರಲೆಂದು. ಸೀಸ ಎಂಥ ವಿಷವೆಂದು ಇಂದು ಎಲ್ಲರಿಗೂ ಗೊತ್ತು.

ಸುಮಾರು ಕ್ರಿ.ಶ. 70ರಲ್ಲಿ ಆತನು ತೀರಿಕೊಂಡನು. ಮಧ್ಯಯುಗದಲ್ಲಿ ಬಹುಕಾಲ ಮರೆಯಾಗಿದ್ದ ಗ್ರಂಥವು ಹದಿನೈದನೆಯ ಶತಮಾನದ ಆದಿಯಲ್ಲಿ ಇಟಲಿಯ ವಿದ್ವಾಂಸ ಪೊಜ್ಜೊ ಬ್ರಾಚೊಲಿನಿಯ ಹುಡುಕಾಟದಿಂದ ಮತ್ತೆ ಬೆಳಕಿಗೆ ಬಂದು, 1472ರಲ್ಲಿ ವೆನಿಸಿನಲ್ಲಿ ಜೆನ್ಸನ್ ಎಂಬ ಮುದ್ರಕನ ಕೈಯಲ್ಲಿ ಅಚ್ಚಾಯಿತು. ಕಾಡಿಜಿನ ಒಂದು ಚೌಕದಲ್ಲಿ ಆತನ ಪ್ರತಿಮೆ ನಿಂತಿದೆ. ಅಲ್ಲಿಂದ ಕೆಲವೇ ಹರದಾರಿ ದೂರದ ಹೆರೆಸಿನಲ್ಲಿ, ಷೆರಿ ಎಂಬ ವೈನಿನ ತವರಿನಲ್ಲಿ, ಸುಗ್ಗಿ ಮುಗಿದ ಮೇಲೆ ಬಳ್ಳಿಯ ಸಾಲುಗಳ ನಡುವೆ ಬಿಳಿಯ ಸುಣ್ಣದ ಮಣ್ಣಿನಲ್ಲಿ ಚೌಕ ಗುಂಡಿಗಳನ್ನು ತೋಡಿ ಚಳಿಗಾಲದ ಮಳೆಯನ್ನು ಹಿಡಿದಿಡುತ್ತಾರೆ.

ಲೋಯಬ್ ಮಾಲೆಯಲ್ಲಿ 1941ರಿಂದ 1955ರವರೆಗೆ ಮೂರು ಸಂಪುಟಗಳಾಗಿ ಇದರ ಇಂಗ್ಲಿಷ್ ಅನುವಾದ ಹೊರಬಂದಿದೆ. ಓದಬೇಕೆನ್ನುವವರು ಹತ್ತನೆಯ ಪುಸ್ತಕದ ಪದ್ಯಗಳನ್ನು ಸದ್ಯಕ್ಕೆ ದಾಟಿ, ಮೂರನೆಯದರಿಂದ ತೊಡಗಲಿ. ಲೆಕ್ಕವಿರುವುದು ಅದರ ಮೂರನೆಯ ಅಧ್ಯಾಯದಲ್ಲಿ.