ಲಿಂಕನ್ನನ ಸೋಲು-ಗೆಲುವು

ಚುನಾವಣೆಯು ಮುಗಿದು ಫಲಿತಾಂಶವು ಪ್ರಕಟವಾದೊಡನೆ ಜನರ ದೃಷ್ಟಿಯೆಲ್ಲವೂ ಗೆದ್ದವರ ಕಡೆಗೆ ತಿರುಗುವುದು ಲೋಕರೂಢಿ. ಹಾರ ತುರಾಯಿಗಳು ಗೆದ್ದವರ ಪಾಲಿಗೆ. ವರ್ಷಗಟ್ಟಲೆ ಸಭೆಯಲ್ಲಿ ದುಡಿದು ಸ್ಥಾನವನ್ನು ತೆರವುಮಾಡಿ ಹೊರಡುವವರಿಗೆ ಒಂದು ಕೃತಜ್ಞತೆಯ ಮಾತು ದೊರೆಯುವುದೂ ದುರ್ಲಭ. ಸೋತವರ ಹೆಸರಂತೂ ಮರುದಿನವೇ ಮರೆತುಹೋಗುವುದು. ಆದರೆ ಪ್ರಜಾಪ್ರಭುತ್ವವು ನಡೆಯುವುದು ಈ ಮೂವರಿಂದಲೂ ಕೂಡಿ. ಎದುರಿಗೆ ನಿಲ್ಲುವವನು ಇಲ್ಲದಿದ್ದರೆ ಗೆದ್ದವನ ಗೆಲುವಿಗೆ ಅರ್ಥವಿಲ್ಲ. ಸೋತವನು ಸೋಲನ್ನು ಒಪ್ಪದಿದ್ದರೆ ರಾಜ್ಯಕ್ಕೇ ಉಳಿವಿಲ್ಲ. ಈ ತತ್ತ್ವಕ್ಕೆ ಎಬ್ರಹಾಂ ಲಿಂಕನ್ನನ ಜೀವನಕ್ಕಿಂತ ಉತ್ತಮವಾದ ನಿದರ್ಶನವು ಸಿಕ್ಕುವುದು ಕಷ್ಟ. ಆತನು ಗುಲಾಮರ ಬಂಧವಿಮೋಚಕನೆಂಬುದನ್ನು ಲೋಕವೆಲ್ಲ ಬಲ್ಲದು. ಇಲಿನಾಯ್ ಸಂಸ್ಥಾನದ ಚುನಾವಣೆಗಳಲ್ಲಿ ಮತ್ತೆ ಮತ್ತೆ ಸೋತು, ಸೋಲುವ ವಿದ್ಯೆಯನ್ನೂ ಗೆಲ್ಲುವ ವಿದ್ಯೆಯನ್ನೂ ಒಂದೇ ಪಾಠಶಾಲೆಯಲ್ಲಿ ಕಲಿತವನೆಂಬುದನ್ನು ಬಲ್ಲವರು ಕಡಿಮೆ.

ಲಿಂಕನ್ನನು 1809ನೆಯ ಇಸವಿ ಫೆಬ್ರವರಿ 12ರಂದು ಕೆಂಟಕಿಯಲ್ಲಿ ಮರದ ದಿಮ್ಮಿಗಳ ಗುಡಿಸಲೊಂದರಲ್ಲಿ ಜನಿಸಿದನು. ಒಂಬತ್ತನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡನು. ಶಾಲೆಯಲ್ಲಿ ಕುಳಿತ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷವಾಗದು. ಕೊಡಲಿ ಹಿಡಿದು ಕಾಡು ಕಡಿದು ಬೆಳೆದ ಈ ಯುವಕನು 1831ರಲ್ಲಿ ಇಲಿನಾಯ್‌ನ ನ್ಯೂ ಸೇಲಂ ಎಂಬ ಹಳ್ಳಿಗೆ ಬಂದು ಅಂಗಡಿಯ ಗುಮಾಸ್ತನಾದನು. ಮರುವರ್ಷವೇ, 23ನೆಯ ವಯಸ್ಸಿನಲ್ಲಿ, ಸಂಸ್ಥಾನದ ಶಾಸನಸಭೆಗೆ ಉಮೇದುವಾರನಾಗಿ ನಿಂತನು. ನಾಲ್ಕು ಸ್ಥಾನಗಳಿಗೆ 13 ಮಂದಿ ಸ್ಪರ್ಧಿಗಳು. ಲಿಂಕನ್ನನು ಎಂಟನೆಯವನಾಗಿ ಸೋತನು. ಆದರೆ ಆತನನ್ನು ದಿನವೂ ಕಂಡಿದ್ದ ನ್ಯೂ ಸೇಲಂ ಕಟ್ಟೆಯಲ್ಲಿ ಬಿದ್ದ 300 ಓಟುಗಳಲ್ಲಿ 277 ಆತನಿಗೇ ಬಂದಿದ್ದವು. ಬಲ್ಲವರು ನಂಬಿದರು, ಅರಿಯದವರು ನಂಬಲಿಲ್ಲವೆಂಬ ಸಂಗತಿಯನ್ನು ಆತನು ಸರಿಯಾಗಿಯೇ ಗ್ರಹಿಸಿದನು. ಯಾರನ್ನೂ ದೂರದೆ ಎರಡು ವರ್ಷ ಊರೂರು ತಿರುಗಿ ಪರಿಚಯವನ್ನು ಬೆಳೆಸಿ, 1834ರಲ್ಲಿ ಗೆದ್ದನು. ಸಭೆಗೆ ಹೋಗಲು ಯೋಗ್ಯವಾದ ಉಡುಪನ್ನು ಹೊಲಿಸುವುದಕ್ಕೆ ಸಾಲ ಮಾಡಬೇಕಾಯಿತು!

ಅಲ್ಲಿಂದ ನಾಲ್ಕು ಅವಧಿಗಳಲ್ಲಿ ಎಂಟು ವರ್ಷ ಆತನು ಶಾಸನಸಭೆಯಲ್ಲಿದ್ದನು. ಅದರ ನಡುವೆಯೇ ಕಾಯಿದೆಯನ್ನು ಸ್ವಂತವಾಗಿ ಓದಿ ವಕೀಲನಾದನು. 1838ರಲ್ಲಿಯೂ 1840ರಲ್ಲಿಯೂ ವಿಗ್ ಪಕ್ಷದ ಪರವಾಗಿ ಸಭಾಧ್ಯಕ್ಷ ಪದವಿಗೆ ನಿಂತು ಸೋತನು. 1843ರಲ್ಲಿ ರಾಷ್ಟ್ರದ ಪ್ರತಿನಿಧಿಸಭೆಗೆ ಪಕ್ಷದ ಉಮೇದುವಾರನಾಗಲು ಬಯಸಿದಾಗ ಸಂಗಮನ್ ಕೌಂಟಿಯ ಪಕ್ಷಸ್ಥರು ಆತನ ಮಿತ್ರನಾದ ಎಡ್ವರ್ಡ್ ಬೇಕರನನ್ನು ಆರಿಸಿದರು. ಅಷ್ಟೇ ಅಲ್ಲದೆ, ಮೇಲಿನ ಸಮ್ಮೇಳನದಲ್ಲಿ ಬೇಕರನ ಪರವಾಗಿ ನಿಲ್ಲುವ ಪ್ರತಿನಿಧಿಯನ್ನಾಗಿ ಲಿಂಕನ್ನನನ್ನೇ ನೇಮಿಸಿದರು! ಈ ಕೆಲಸವನ್ನು ಆತನು ನಿಷ್ಠೆಯಿಂದ ನೆರವೇರಿಸಿದನು. 1846ರಲ್ಲಿ ಹುಟ್ಟಿದ ತನ್ನ ಎರಡನೆಯ ಮಗನಿಗೆ ಆ ಪ್ರತಿಸ್ಪರ್ಧಿಯ ಹೆಸರನ್ನೇ ಇಟ್ಟನೆಂದರೆ ಆತನ ಅಂತಃಕರಣವು ಎಂತಹದೆಂಬುದು ತಿಳಿಯುವುದು. ಅದೇ ವರ್ಷ ತಾನೂ ಪ್ರತಿನಿಧಿಸಭೆಗೆ ಆಯ್ಕೆಯಾದನು. ಸರದಿಯಂತೆ ಒಬ್ಬೊಬ್ಬರಿಗೆ ಒಂದೊಂದು ಅವಧಿಯೆಂಬ ಪಕ್ಷದ ಒಡಂಬಡಿಕೆಗೆ ತಲೆಬಾಗಿ, 1849ರಲ್ಲಿ ಸ್ಥಾನವನ್ನು ಬಿಟ್ಟು ವಕೀಲಿಗೆ ಮರಳಿದನು. ಸ್ಥಾನ ಹೋದರೆ ಮಾನ ಹೋಯಿತೆಂದು ಭಾವಿಸುವವರು ಇದನ್ನು ಗಮನಿಸಬೇಕು.

1854ರಲ್ಲಿ ಕಾನ್ಸಾಸ್-ನೆಬ್ರಾಸ್ಕ ಶಾಸನವು ಗುಲಾಮಗಿರಿಯ ವಿಸ್ತರಣಕ್ಕೆ ಹಾದಿಯನ್ನು ತೆರೆಯಿತು. ಆ ಅನ್ಯಾಯವನ್ನು ಕಂಡು ಲಿಂಕನ್ನನು ಪುನಃ ಕಣಕ್ಕಿಳಿದನು. ಆ ಕಾಲದಲ್ಲಿ ಸೆನೆಟಿನ ಸದಸ್ಯರನ್ನು ಸಂಸ್ಥಾನದ ಶಾಸನಸಭೆಗಳೇ ಆರಿಸುತ್ತಿದ್ದವು. 1855ರ ಫೆಬ್ರವರಿ 8ರಂದು ನಡೆದ ಮೊದಲ ಸುತ್ತಿನಲ್ಲಿ ಲಿಂಕನ್ನನಿಗೆ 44, ಡೆಮೊಕ್ರಾಟ್ ಪಕ್ಷದ ಷೀಲ್ಡ್ಸನಿಗೆ 41, ಶಾಸನವನ್ನು ವಿರೋಧಿಸಿದ ಡೆಮೊಕ್ರಾಟನಾದ ಲೈಮನ್ ಟ್ರಂಬಲನಿಗೆ ಕೇವಲ 5 ಮತಗಳು ಬಂದವು. ಆ ಐವರು ಲಿಂಕನ್ನನ ಕಡೆಗೆ ಬರಲೊಲ್ಲರು. ಸುತ್ತುಗಳು ಉರುಳಿದಂತೆ ಎದುರುಪಕ್ಷದವರು ಹೊಸ ಅಭ್ಯರ್ಥಿಯನ್ನು ಮುಂದೆ ತಂದು ಗೆಲುವಿನ ಸಮೀಪಕ್ಕೆ ಬಂದರು. ಆಗ ಲಿಂಕನ್ನನು, ತಾನು ಗೆಲ್ಲದಿದ್ದರೂ ಚಿಂತೆಯಿಲ್ಲ, ಧ್ಯೇಯವು ಸೋಲಬಾರದೆಂದು ನಿಶ್ಚಯಿಸಿ, ತನ್ನವರೆಲ್ಲರೂ ಟ್ರಂಬಲನಿಗೆ ಮತ ಕೊಡಬೇಕೆಂದು ತಿಳಿಸಿದನು. ಹತ್ತನೆಯ ಸುತ್ತಿನಲ್ಲಿ ಟ್ರಂಬಲನು 51 ಮತಗಳಿಂದ ಆಯ್ಕೆಯಾದನು. ಐದು ಮತದವನು ಗೆದ್ದನು, ನಲವತ್ತನಾಲ್ಕರವನು ಸೋತನು! ಅಂದಿನ ಸಂಜೆಯ ಸಂತೋಷಕೂಟಕ್ಕೆ ಲಿಂಕನ್ನನು ಹೋಗಿ ಟ್ರಂಬಲನ ಕೈಕುಲುಕಿ ಅಭಿನಂದಿಸಿದನು. ಆ ಐವರಲ್ಲಿ ಒಬ್ಬನಾದ ನಾರ್ಮನ್ ಜಡ್ಡನೇ ಮುಂದೆ ಆತನ ಚುನಾವಣೆಯ ಬಲಗೈಯಾದನು.

1858ರಲ್ಲಿ ಸೆನೆಟಿಗಾಗಿ ಸ್ಟೀವನ್ ಡಗ್ಲಸನಿಗೆ ಎದುರಾಗಿ ನಿಂತು ಏಳು ಊರುಗಳಲ್ಲಿ ನಡೆಸಿದ ವಾದಗಳು ಜಗತ್ಪ್ರಸಿದ್ಧವಾಗಿವೆ. ಸಂಸ್ಥಾನದಾದ್ಯಂತ ಆತನ ಪಕ್ಷಕ್ಕೆ ತುಸು ಹೆಚ್ಚು ಓಟುಗಳು ಬಿದ್ದರೂ ಹಳೆಯ ಕ್ಷೇತ್ರವಿಂಗಡಣೆಯ ಕಾರಣದಿಂದ ಶಾಸನಸಭೆಯು ಎದುರುಪಕ್ಷದ ವಶವಾಯಿತು. ಡಗ್ಲಸನು 54ಕ್ಕೆ 46 ಮತಗಳಿಂದ ಗೆದ್ದನು. ದೂರುವುದಕ್ಕೆ ಲಿಂಕನ್ನನಿಗೆ ಕಾರಣವಿಲ್ಲದಿರಲಿಲ್ಲ. ಆದರೆ ಆತನು ಮಾಡಿದ್ದೇನು? ಎದೆಗುಂದಿದ ಬೆಂಬಲಿಗರಿಗೆ ಧೈರ್ಯದ ಕಾಗದಗಳನ್ನು ಬರೆದನು. ಒಂದಲ್ಲ, ನೂರು ಸೋಲು ಬಂದರೂ ಸ್ವಾತಂತ್ರ್ಯದ ಧ್ಯೇಯವನ್ನು ಕೈಬಿಡಲಾಗದೆಂದು ತಿಳಿಸಿದನು. ತಿಂಗಳುಗಟ್ಟಲೆ ವಕೀಲಿಯಿಲ್ಲದೆ ಮನೆವೆಚ್ಚಕ್ಕೇ ಕಷ್ಟವಾಗಿದ್ದರೂ ಪಕ್ಷದ ಸಾಲಕ್ಕೆ ತನ್ನ ಪಾಲನ್ನು ಕೊಡಲು ಮುಂದಾದನು.

ಎರಡು ವರ್ಷಗಳಲ್ಲಿ ಚಕ್ರವು ತಿರುಗಿತು. 1860ರಲ್ಲಿ ಅಧ್ಯಕ್ಷಪದವಿಗೆ ಲಿಂಕನ್ನನೂ ಡಗ್ಲಸನೂ ಮತ್ತೆ ಎದುರಾದರು. ಅಕ್ಟೋಬರಿನಲ್ಲಿ ಪೆನ್ಸಿಲ್ವೇನಿಯ ಮತ್ತು ಇಂಡಿಯಾನ ಸಂಸ್ಥಾನಗಳ ಚುನಾವಣೆಗಳ ಫಲವನ್ನು ಕೇಳಿದೊಡನೆ ಡಗ್ಲಸನು ತನ್ನ ಸೋಲು ಖಂಡಿತವೆಂದು ಅರಿತನು. ಅರಿತು ಮನೆಗೆ ಹೋಗಲಿಲ್ಲ. ದಕ್ಷಿಣದ ಸಂಸ್ಥಾನಗಳಿಗೆ ಹೋಗಿ, ಲಿಂಕನ್ನನು ಗೆದ್ದರೂ ಒಕ್ಕೂಟವನ್ನು ಒಡೆಯಬಾರದೆಂದು ಊರೂರಲ್ಲಿ ಬೋಧಿಸಿದನು. 1861ರ ಮಾರ್ಚ್ 4ರಂದು ಲಿಂಕನ್ನನು ಪ್ರಮಾಣವಚನ ಸ್ವೀಕರಿಸಿದಾಗ ಸಭೆಗೆ ಆತನನ್ನು ಪರಿಚಯಿಸಿದವನು ಅದೇ ಹಳೆಯ ಪ್ರತಿಸ್ಪರ್ಧಿ ಬೇಕರ್. ಲಿಂಕನ್ನನ ಔದಾರ್ಯವೂ ಕಡಿಮೆಯದಲ್ಲ. ಪಕ್ಷದೊಳಗೆ ತನಗೆ ಪೈಪೋಟಿಯಾಗಿ ನಿಂತಿದ್ದ ಸೆವಾರ್ಡ್, ಚೇಸ್, ಬೇಟ್ಸ್, ಕ್ಯಾಮರೂನ್ ನಾಲ್ವರನ್ನೂ ಮಂತ್ರಿಮಂಡಲಕ್ಕೆ ಕರೆದನು. ಯುದ್ಧವು ಆರಂಭವಾದಾಗ ಡಗ್ಲಸನು ತಾನಾಗಿ ಬಂದು ಬೆಂಬಲವನ್ನಿತ್ತು, ಇಲಿನಾಯ್ ಶಾಸನಸಭೆಯಲ್ಲಿ ದೇಶರಕ್ಷಣೆಗಾಗಿ ಭಾಷಣ ಮಾಡಿ, ಜೂನ್ 3ರಂದು ತೀರಿಕೊಂಡನು.

ಆದರೆ ದಕ್ಷಿಣದ ಮುಖಂಡರು ಡಗ್ಲಸನ ಮಾತನ್ನು ಕೇಳಲಿಲ್ಲ. ಗುಲಾಮಗಿರಿಗೆ ಧಕ್ಕೆ ಬಂದೀತೆಂಬ ಭಯದಿಂದ, ಲಿಂಕನ್ನನು ಪದವಿಯಲ್ಲಿ ಕೂರುವ ಮೊದಲೇ ಏಳು ಸಂಸ್ಥಾನಗಳು ಒಕ್ಕೂಟದಿಂದ ಸಿಡಿದುಹೋದವು. ಚುನಾವಣೆಯ ತೀರ್ಪನ್ನು ಒಪ್ಪದುದರ ಬೆಲೆಯೆಂದರೆ ನಾಲ್ಕು ವರ್ಷಗಳ ಯುದ್ಧ. ಆರು ಲಕ್ಷಕ್ಕೂ ಮೀರಿದ ಪ್ರಾಣಗಳು. ಸೋಲನ್ನು ಒಪ್ಪುವುದು ಬರಿಯ ಸೌಜನ್ಯವಲ್ಲ, ರಾಜ್ಯದ ಅಡಿಗಲ್ಲೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಆ ಯುದ್ಧದ ನಡುವೆಯೂ ಲಿಂಕನ್ನನು 1864ರ ಚುನಾವಣೆಯನ್ನು ಮುಂದೂಡಲಿಲ್ಲ. ಆಗಸ್ಟಿನಲ್ಲಿ ತನ್ನ ಸೋಲು ನಿಶ್ಚಯವೆಂದು ಆತನಿಗೆ ತೋರಿತು. 23ರಂದು ಒಂದು ಕಾಗದವನ್ನು ಬರೆದು ಮಡಿಚಿ, ಒಳಗೇನಿದೆಯೆಂದು ತೋರಿಸದೆಯೇ ಮಂತ್ರಿಗಳಿಂದ ರುಜು ಹಾಕಿಸಿದನು. ತಾನು ಸೋತರೆ, ಹೊಸ ಅಧ್ಯಕ್ಷನು ಅಧಿಕಾರ ವಹಿಸುವವರೆಗಿನ ದಿನಗಳಲ್ಲಿ ಆತನೊಡನೆ ಸಹಕರಿಸಿ ಒಕ್ಕೂಟವನ್ನು ಉಳಿಸುವುದು ತನ್ನ ಕರ್ತವ್ಯವೆಂಬುದೇ ಅದರ ಒಕ್ಕಣೆ. ಆದರೆ ನವೆಂಬರ್ 8ರಂದು 212ಕ್ಕೆ 21 ಮತಗಳ ಅಗಾಧ ಜಯವು ಆತನದಾಯಿತು. ಬಾಗಿಲಿಗೆ ಬಂದು ಜಯಘೋಷ ಮಾಡಿದವರಿಗೆ, ಸೋತವರ ಮನವನ್ನು ನೋಯಿಸದೆ ಎಲ್ಲರೂ ಕೂಡಿ ದೇಶವನ್ನು ಉಳಿಸಬೇಕೆಂದು ವಿನಂತಿಸಿದನು. ತನ್ನ ವಿರುದ್ಧ ಒಳಸಂಚು ನಡೆಸಿದ್ದ ಚೇಸನನ್ನು ಮುಖ್ಯ ನ್ಯಾಯಾಧೀಶನನ್ನಾಗಿ ನೇಮಿಸಿದನು. 1865ರ ಏಪ್ರಿಲ್ 14ರ ರಾತ್ರಿ, ದಕ್ಷಿಣದ ಸೋಲನ್ನು ಸಹಿಸದ ಒಬ್ಬನ ಗುಂಡಿಗೆ ಗುರಿಯಾಗಿ, ಮರುದಿನ ಬೆಳಿಗ್ಗೆ ಅಸುನೀಗಿದನು.

ನ್ಯಾಯಸ್ಥಾನದಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯು ನಮ್ಮಲ್ಲಿದೆ. ಚುನಾವಣೆಗೆ ಈ ಗಾದೆಯು ಅನ್ವಯಿಸಬಾರದು. ನಮ್ಮ ಶಾಸನಸಭೆಗಳ ಚುನಾವಣೆಗಳು ಮುಗಿದಾಗಲೆಲ್ಲ ಗೆದ್ದವರನ್ನು ಅಭಿನಂದಿಸೋಣ. ನಿರ್ಗಮಿಸುವ ಸದಸ್ಯರ ಸೇವೆಯನ್ನು ನೆನೆಯೋಣ. ನ್ಯಾಯವಾಗಿ ಹೋರಾಡಿ ಸೋತವರಿಗೂ ಗೌರವವನ್ನು ಸಲ್ಲಿಸೋಣ. 1832ರಲ್ಲಿ ಎಂಟನೆಯವನಾಗಿ ಸೋತ ಅಂಗಡಿಯ ಗುಮಾಸ್ತನನ್ನು ಅಂದು ಯಾರು ತಾನೆ ಲೆಕ್ಕಕ್ಕೆ ತೆಗೆದುಕೊಂಡಿದ್ದರು? ಸೋತವರ ಸಾಲಿನಲ್ಲಿ ನಾಳೆಯ ದೇಶರಕ್ಷಕನು ನಿಂತಿರಬಹುದು.